ಆಂಜಿ ಅಳೆದ ಬೆಂಕಿ

ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗೆ ಬೆಂಕಿ ಹೇಗೆ ಹತ್ತುತ್ತದೆ, ಹೇಗೆ ಹರಡುತ್ತದೆ, ಎಲ್ಲಿ ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ ಎಂಬುದನ್ನು ಸುನಂದ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣವಾಗಿ ತೋರಿಸಬಲ್ಲವಳು. ಕೋಲಾರದ ಹೊರವಲಯದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಡಂ ಅವಳು. ಗಂಡನ ಕೆಲಸ ಮಾಲೂರಿನಲ್ಲಿದ್ದುದರಿಂದ ಅಲ್ಲೇ ಮನೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಹೋಗುವುದು. ಹುಟ್ಟಿದ ಊರು ಮಾತ್ರ ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಗೌನಿಪಲ್ಲಿ. ಅಲ್ಲಿ ಮನೆಮಾತು ತೆಲುಗೋ ಕನ್ನಡವೋ ಎಂದು ಯಾರಾದರೂ ಕೇಳಿದರೆ ಅವಳ ತಾಯಿ ಮುನಿಯಲ್ಲಮ್ಮನೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ತಂದೆ ಸುಬ್ಬರಾಯಪ್ಪ ಇದ್ದಾಗ ಮಾವಿನ ತೋಟದ ಬಾವಿಯ ಮೇಲೆ ಒಂದು ಡೀಸೆಲ್ ಎಂಜಿನ್ ಇತ್ತು. ಅವನು ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ನು ಧಡಧಡ ಎಂದು ಎದ್ದ ಕೂಡಲೇ ಸುನಂದ ಕಿವಿ ಮುಚ್ಚಿಕೊಂಡು ಮಾವಿನ ಮರದ ಹಿಂದೆ ಓಡುತ್ತಿದ್ದಳು. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಆಂಜನೇಯ, ಮನೆಯವರ ಬಾಯಲ್ಲಿ ಆಂಜಿ, ಎಂಜಿನ್ನಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅದರ ಮೈಮೇಲೆ ಸಿಡಿದ ಎಣ್ಣೆಯನ್ನು ಹಳೇ ಬಟ್ಟೆಯಿಂದ ಒರೆಸುತ್ತಿದ್ದ. ಮುಂದೆ ಅವಳು ಎಂಜಿನಿಯರಿಂಗ್ ಓದಿದಳು. ಅವನು ಐ.ಟಿ.ಐ. ಮುಗಿಸಿ ಶ್ರೀನಿವಾಸಪುರದ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ, ತೋಟಕ್ಕೆ ಔಷಧಿ ಹೊಡೆಯುವ ಎಂಜಿನ್ನು, ನೀರಿನ ಪಂಪು, ಟ್ರ್ಯಾಕ್ಟರಿನ ನಾಝಲ್ಲು ರಿಪೇರಿ ಮಾಡಲು ಕೂತ. ಅಕ್ಕ ತಮ್ಮಂದಿರ ನಡುವೆ ಪ್ರೀತಿ ಚೆನ್ನಾಗಿಯೇ ಇತ್ತು. ಇಬ್ಬರ ದಾರಿಯೂ ಒಂದೇ ಎಂಜಿನ್ನಿಗೆ ಬಂದು ಸೇರುತ್ತದೆ ಎಂದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ.

ಸುನಂದ ಪಿಎಚ್.ಡಿ.ಗೆ ಸೇರಿದಾಗ ಆರಿಸಿಕೊಂಡ ವಿಷಯ ಹೊಂಗೆ ಎಣ್ಣೆಯ ಬಯೋಡೀಸೆಲ್. ಆ ಕಡೆ ಹೊಲದ ಬದುಗಳಲ್ಲಿ ಹೊಂಗೆ ಮರಕ್ಕೇನೂ ಬರವಿಲ್ಲ. ಬೀಜದಿಂದ ತೆಗೆದ ಎಣ್ಣೆಯನ್ನು ಹಾಗೆಯೇ ಎಂಜಿನ್ನಿಗೆ ಸುರಿದರೆ ಅದು ಜಿಡ್ಡು ಕಟ್ಟುತ್ತದೆ. ರಾಸಾಯನಿಕ ಸೇರಿಸಿ, ಕೆಳಗಿಳಿಯುವ ಗ್ಲಿಸರಿನ್ ಬೇರೆ ಮಾಡಿ, ತೊಳೆದು ಹದಗೊಳಿಸಿದರೆ ಬಯೋಡೀಸೆಲ್ ಆಗುತ್ತದೆ. ಅದನ್ನು ಮಾಮೂಲಿ ಡೀಸೆಲ್ಲಿಗೆ ನೂರಕ್ಕೆ ಇಪ್ಪತ್ತು ಪಾಲೋ ನಲವತ್ತು ಪಾಲೋ ಬೆರೆಸಿದರೆ ಒಳಗಿನ ಉರಿ ಹೇಗೆ ಬದಲಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳುವುದು ಅವಳ ಕೆಲಸ.

ಒಂದು ಭಾನುವಾರ ಗೌನಿಪಲ್ಲಿಯ ಮನೆಯಲ್ಲಿ ಮುದ್ದೆ ಊಟಕ್ಕೆ ಕೂತಾಗ ಅವಳು ಇದನ್ನು ತಮ್ಮನಿಗೆ ವಿವರಿಸಿದಳು.

"ಅಂದ್ರೆ ಎಂಜಿನ್ನೇ ಇಲ್ದೆ ಎಂಜಿನ್ ಓಡಿಸ್ತೀಯಾ ಅಕ್ಕ?"

"ಹೂಂ ಕಣೋ. ಲೆಕ್ಕದಲ್ಲೇ ಓಡುತ್ತೆ."

"ಹೊಗೆ?"

"ಹೊಗೇನೂ ಲೆಕ್ಕದಲ್ಲೇ."

ಆಂಜಿ ಜೋರಾಗಿ ನಕ್ಕ. "ಚೆನ್ನಾಗಿದೆ. ಬಟ್ಟೆಗೆ ಮಸಿ ಆಗಲ್ಲ. ಆದ್ರೆ ಆ ಲೆಕ್ಕ ಸರಿಯಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

"ಅದೇ ಕಷ್ಟ. ನಿಜವಾದ ಎಂಜಿನ್ ಓಡಿಸಿ, ಒಳಗಿನ ಒತ್ತಡ ಅಳೆದು, ನನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡ್ಬೇಕು. ಕಾಲೇಜಲ್ಲಿ ಒಂದು ಸೆನ್ಸರ್ ಇದೆ, ಧೂಳು ತಿಂತಾ ಕೂತಿದೆ. ಪ್ರಯೋಗಕ್ಕೆ ಅಂತ ಬಿಡೋ ಎಂಜಿನ್ ಇಲ್ಲ."

"ಎಂಜಿನ್ ನಾನು ಕೊಡ್ತೀನಿ," ಎಂದ ಆಂಜಿ. ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಸೆನ್ಸರ್ ಎಲ್ಲಿ ಕೂರ್ಬೇಕು ಹೇಳು," ಎಂದ.

ಸೆನ್ಸರ್ ಕೂರಬೇಕಾದದ್ದು ಸಿಲಿಂಡರಿನ ಮೇಲಿನ ಹೆಡ್ಡಿನಲ್ಲಿ, ಬೆಂಕಿಗೆ ಮುಖ ಕೊಟ್ಟು. ಅದಕ್ಕೆ ಹೆಡ್ಡಿನಲ್ಲಿ ತೂತು ಕೊರೆಯಬೇಕು. ಹೆಡ್ಡಿನ ಒಳಗೆಲ್ಲ ತಣ್ಣೀರು ಹರಿಯುವ ಸಂದುಗಳು. ಡ್ರಿಲ್ಲು ಕೂದಲೆಳೆಯಷ್ಟು ಆಚೆ ಹೋದರೂ ಹೆಡ್ಡು ಹಾಳು. ಮೊದಲನೆಯದು ಹಾಗೆಯೇ ಆಯಿತು, ನೀರಿನ ಸಂದಿಗೆ ತೂತು ಬಿತ್ತು. ಆಂಜಿ ಚಿಂತಾಮಣಿಯ ಗುಜರಿ ಅಂಗಡಿಯಲ್ಲಿ ಹುಡುಕಿ ಇನ್ನೊಂದು ಹಳೇ ಹೆಡ್ಡು ತಂದ. ಕೆಟ್ಟುಹೋದದ್ದನ್ನು ಗರಗಸದಲ್ಲಿ ಸೀಳಿ, ಒಳಗಿನ ಸಂದುಗಳು ಎಲ್ಲೆಲ್ಲಿ ಹೋಗುತ್ತವೆಂದು ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿಕೊಂಡ. ಆಮೇಲೆ ಎರಡನೆಯದಕ್ಕೆ ಕೈ ಹಚ್ಚಿದ. ಆ ವಾರ ಗಿರಾಕಿಗಳು ಬಂದರೆ "ನಾಳೆ ಬನ್ನಿ" ಎಂದೇ ಕಳಿಸಿದನಂತೆ.

ಮೊದಲ ಬಾರಿ ಎಂಜಿನ್ ಎದ್ದ ದಿನ ಸುನಂದ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಆಂಜಿ ಹ್ಯಾಂಡಲ್ ತಿರುಗಿಸಿದ. ಪರದೆಯ ಮೇಲೆ ಒಂದು ಗೆರೆ ಸಪಾಟಾಗಿ ಬಂದು, ಮೆಲ್ಲಗೆ ಏರಿ, ಇದ್ದಕ್ಕಿದ್ದಂತೆ ಚಿಮ್ಮಿ, ಇಳಿದು ಹೋಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಆಂಜಿ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದ.

"ಇದೇನಾ ಬೆಂಕಿ?"

"ಇದೇ. ಈ ಚಿಮ್ಮಿದೆಯಲ್ಲ, ಅಲ್ಲಿ ಹತ್ಕೊಂಡಿದ್ದು."

ಅವನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತ. ಎಷ್ಟೋ ವರ್ಷದಿಂದ ಸದ್ದು ಕೇಳಿಯೇ ಪರಿಚಯವಿದ್ದ ಬೆಂಕಿಯನ್ನು ಅವನು ಕಣ್ಣಿಂದ ನೋಡಿದ್ದು ಅದೇ ಮೊದಲು. "ತ್ರಿವೇಣೀ, ಬಾರೇ ಇಲ್ಲಿ," ಎಂದು ಊಟದ ಡಬ್ಬಿ ತಂದಿದ್ದ ಹೆಂಡತಿಯನ್ನು ಕೂಗಿದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿ, "ಆಸ್ಪತ್ರೇಲಿ ಎದೆಗೆ ಹಾಕ್ತಾರಲ್ಲ, ಅದರ ಥರಾನೇ ಇದೆ," ಎಂದಳು. ಮೂವರೂ ನಕ್ಕರು. ಹೊಂಗೆ ಬೆರೆಸಿದ ಡೀಸೆಲ್ ಹಾಕಿದಾಗ ಸದ್ದು ಕೊಂಚ ಮೆತ್ತಗಾಯಿತೆಂದು ಆಂಜಿ ಹೇಳಿದ. ಅವಳ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಆ ದಿನ ಮಾಲೂರಿನ ಬಸ್ಸಿನಲ್ಲಿ ಕೂತ ಸುನಂದಳಿಗೆ ಜೀವನದಲ್ಲಿ ಇನ್ನೇನೂ ಬೇಡವೆನ್ನಿಸಿತ್ತು.

ಪ್ರತಿ ಭಾನುವಾರ ಅಷ್ಟು ದೂರ ಬರುವುದು ಅವಳಿಗೆ ಆಗುತ್ತಿರಲಿಲ್ಲ. ಹೇಗೆ ಓಡಿಸಬೇಕು, ಯಾವಾಗ ಯಾವ ಗುಂಡಿ ಒತ್ತಿ ಉಳಿಸಿಕೊಳ್ಳಬೇಕು ಎಂದು ಕಲಿಸಿ, ಕಾಲೇಜಿನ ಲ್ಯಾಪ್‌ಟಾಪನ್ನೂ ಸೆನ್ಸರನ್ನೂ ಅವನ ಹತ್ತಿರವೇ ಬಿಟ್ಟು ಬಂದಳು. ಆಂಜಿ ಬಿಡುವಾದಾಗಲೆಲ್ಲ ಬರೀ ಡೀಸೆಲ್ಲು, ಇಪ್ಪತ್ತು ಪಾಲು, ನಲವತ್ತು ಪಾಲು, ಅರವತ್ತು ಪಾಲು ಎಂದು ಒಂದೊಂದನ್ನೇ ಓಡಿಸಿ, ಅಳತೆಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೋಲಾರಕ್ಕೆ ತಂದುಕೊಡುತ್ತಿದ್ದ. ಕಾಲೇಜಿನ ಗೇಟಿನ ಹತ್ತಿರ ನಿಂತು ಫೋನ್ ಮಾಡುತ್ತಿದ್ದ. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ. "ಕೈಯೆಲ್ಲ ಎಣ್ಣೆ ಇದೆ ಅಕ್ಕ, ಬಸ್ಸಿಗೆ ಹೊತ್ತಾಯ್ತು," ಎನ್ನುತ್ತಿದ್ದ. ಸುನಂದ ಅದನ್ನು ಒಯ್ದು ತನ್ನ ಟೇಬಲಿನ ಕಂಪ್ಯೂಟರಿಗೆ ಹಾಕಿ, ಪೆನ್‌ಡ್ರೈವ್ ಖಾಲಿ ಮಾಡಿ ವಾಪಸ್ಸು ಕೊಡುತ್ತಿದ್ದಳು. ಪಾಠ, ಪರೀಕ್ಷೆ, ಪೇಪರ್ ತಿದ್ದುವುದು ಎಂದು ಅವಳಿಗೆ ಪುರುಸೊತ್ತೇ ಇರಲಿಲ್ಲ. ಎಲ್ಲ ಬಂದಮೇಲೆ ಒಟ್ಟಿಗೆ ನೋಡಿದರಾಯಿತು ಎಂದುಕೊಂಡಳು.

ಹೀಗಿರುವಾಗ ಅವಳ ಗೈಡ್ ಶಿವಕುಮಾರ್ ಒಂದು ದಿನ ಕರೆದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ. ಶಿಷ್ಯರ ಕೆಲಸ ಬೇಗ ಮುಗಿಯಲಿ ಎನ್ನುವವರು.

"ನೋಡೀಮ್ಮಾ, ನಿಮ್ಮ ತಮ್ಮನ ಉತ್ಸಾಹ ಒಳ್ಳೇದು. ಆದ್ರೆ ಶೆಡ್ಡಲ್ಲಿ ತೆಗೆದ ರೀಡಿಂಗ್ ಅಂದ್ರೆ ಜರ್ನಲ್‌ನೋರು ಮುಟ್ಟಲ್ಲ. ಆ ಸೆನ್ಸರ್ ಪರೀಕ್ಷೆ ಮಾಡ್ಸಿ ಎಷ್ಟು ಕಾಲ ಆಗಿದ್ಯೋ. ಹೊರದೇಶದ ಒಂದು ಲ್ಯಾಬಿನ ಅಳತೆಗಳು ಪ್ರಕಟ ಆಗಿವೆ. ಅದರ ಪಕ್ಕದಲ್ಲಿ ನಿಮ್ಮ ಲೆಕ್ಕ ಇಟ್ಟು ತೋರಿಸಿ, ಮುಗಿಸಿಬಿಡಿ."

"ಸರ್, ಅದು ಸೋಯಾ ಎಣ್ಣೇದು. ನಮ್ಮದು ಹೊಂಗೆ."

"ಹತ್ತಿರತ್ತಿರ ಇದೆ. ಸಾಕು."

ಸುನಂದ ತಲೆಯಾಡಿಸಿ ಎದ್ದು ಬಂದಳು. ಒಳಗೊಳಗೆ ಅವಳಿಗೂ ಹಗುರವೆನ್ನಿಸಿತ್ತು. ಪ್ರಕಟವಾದ ಅಳತೆಗಳನ್ನು ಇಟ್ಟುಕೊಂಡು ಕೂತರೆ ಕೆಲವೇ ವಾರದ ಕೆಲಸ. ಗೆರೆಯ ಮೇಲೆ ಗೆರೆ ಸರಿಯಾಗಿ ಕೂತಿತು. ಆಂಜಿಗೆ ಹೇಳಬೇಕು ಎಂದುಕೊಂಡಳು. ಫೋನಿನಲ್ಲಿ ಹೇಳುವ ಮಾತಲ್ಲ, ಊರಿಗೆ ಹೋದಾಗ ಹೇಳೋಣವೆಂದು ಮುಂದೂಡಿದಳು. ಊರಿಗೆ ಹೋದಾಗ ಅವನು ಗ್ಯಾಸ್ಕೆಟ್ ಬದಲಾಯಿಸಿ ಅರವತ್ತು ಪಾಲಿನದನ್ನು ಮತ್ತೊಮ್ಮೆ ಓಡಿಸಿದ್ದನ್ನು ಹುರುಪಿನಿಂದ ಹೇಳುತ್ತಿದ್ದ. "ಒಳ್ಳೇದಾಯ್ತು ಬಿಡೋ," ಎಂದು ಬಂದುಬಿಟ್ಟಳು. ಕೊನೆಗೆ ಸೆನ್ಸರನ್ನು ಕಾಲೇಜಿಗೆ ವಾಪಸ್ಸು ಕೊಡಬೇಕೆಂಬ ನೆಪ ಹೇಳಿ ಎಲ್ಲವನ್ನೂ ತರಿಸಿಕೊಂಡಳು. ಕೆಲಸ ಮುಗಿಯಿತೆಂದೇ ಆಂಜಿ ತಿಳಿದ.

ಪ್ರಬಂಧ ಬರೆದಾಯಿತು. ಮೊದಲ ಪುಟಗಳ ಕೃತಜ್ಞತೆಯಲ್ಲಿ ತಾಯಿ, ಗಂಡ, ತಮ್ಮ ಎಂದು ಒಂದೇ ಸಾಲಿನಲ್ಲಿ ಸೇರಿಸಿ, ಅವರ ಪ್ರೋತ್ಸಾಹಕ್ಕೆ ವಂದನೆ ಎಂದು ಬರೆದಳು.

ಕೊನೆಯ ಮೌಖಿಕ ಪರೀಕ್ಷೆ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ನಡೆಯಿತು. ಯಾರು ಬೇಕಾದರೂ ಬಂದು ಕೇಳಬಹುದಾಗಿತ್ತು. ಆಂಜಿ ಬರುತ್ತಾನೆಂದು ಸುನಂದ ಎಣಿಸಿರಲಿಲ್ಲ. ಸ್ಲೈಡುಗಳನ್ನು ಶುರು ಮಾಡಿ ತಲೆ ಎತ್ತಿದಾಗ ಹಿಂದಿನ ಸಾಲಿನಲ್ಲಿ ಅವನು ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ, ಪಕ್ಕದಲ್ಲಿ ಹಣ್ಣಿನ ಚೀಲ. ಅವಳು ತಟ್ಟನೆ ಪರದೆಯ ಕಡೆ ತಿರುಗಿಕೊಂಡಳು. ಆದರೂ ಮಾತಾಡಿದಳು. ಎಲ್ಲವೂ ಸರಾಗವಾಗಿ ಹೋಯಿತು. ಕೊನೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು, "ನೀವು ಸ್ವಂತವಾಗಿ ಯಾವುದಾದರೂ ಎಂಜಿನ್ನಿನ ಮೇಲೆ ಪ್ರಯೋಗ ಮಾಡಿದ್ದೀರಾ?"

ಮಾಡಿದ್ದೇವೆ, ಆದರೆ ಇದರಲ್ಲಿ ಬಳಸಿಲ್ಲ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಅದನ್ನು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ. ಮಾಡಿದ್ದೇವೆ ಎಂದರೆ ಮರುಪ್ರಶ್ನೆ ಬರುತ್ತದೆ, ಆ ಅಳತೆಗಳು ಎಲ್ಲಿ ಎನ್ನುತ್ತಾರೆ ಎಂದು ಆ ಕ್ಷಣಕ್ಕೆ ಹೆದರಿದಳು.

"ನೋ ಸರ್," ಎಂದಳು. "ನೋ ಎಕ್ಸ್‌ಪೆರಿಮೆಂಟ್ಸ್ ಅಟ್ ಆಲ್."

ಆಂಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಎಂಜಿನ್ನು ಎಂಬ ಮಾತೂ, ಎಕ್ಸ್‌ಪೆರಿಮೆಂಟ್ ಎಂಬ ಮಾತೂ, ನೋ ಎಂಬ ಮಾತೂ ಅರ್ಥವಾಗದಷ್ಟಲ್ಲ. ಸುನಂದ ಅವನ ಕಡೆ ನೋಡಲಿಲ್ಲ. ನೋಡಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವನೂ ತಟ್ಟುತ್ತಿದ್ದ.

ಊಟಕ್ಕೆ ಅವನು ಅವಳ ಪಕ್ಕದಲ್ಲೇ ಕೂತ. ಹೋಳಿಗೆ ಇನ್ನೊಂದು ಹಾಕಿಸಿಕೊಂಡ. ಹಣ್ಣಿನ ಚೀಲವನ್ನು ಶಿವಕುಮಾರ್ ಅವರಿಗೆ ಕೊಟ್ಟು, "ನಮ್ಮ ತೋಟದ್ದು ಸಾರ್," ಎಂದ. ಅವಳು ಏನಾದರೂ ಹೇಳಬೇಕೆಂದು ಬಸ್‌ಸ್ಟ್ಯಾಂಡಿನವರೆಗೂ ಹೋದಳು. "ಆಂಜಿ, ಅಲ್ಲಿ ನಾನು ಹೇಳಿದ್ದು..." ಎನ್ನುವಷ್ಟರಲ್ಲಿ ಶ್ರೀನಿವಾಸಪುರದ ಬಸ್ಸು ಬಂತು. "ಪೋನೀಲೇ ಅಕ್ಕ, ಎಲ್ಲ ಚೆನ್ನಾಗಿ ಆಯ್ತಲ್ಲ. ಬರ್ತೀನಿ," ಎಂದು ಹತ್ತಿಬಿಟ್ಟ. ಹೋಗಲಿ ಬಿಡು ಎಂಬುದನ್ನು ಅವನು ತೆಲುಗಿನಲ್ಲಿ ಹೇಳಿದನೆಂದರೆ ಆ ಮಾತು ಅಲ್ಲಿಗೆ ಮುಗಿಯಿತು ಎಂದರ್ಥ. ಚಿಕ್ಕಂದಿನಿಂದಲೂ ಹಾಗೆಯೇ.

ಆಮೇಲೆ ಅಕ್ಕ ತಮ್ಮಂದಿರು ಮುನಿಸಿಕೊಂಡರೆಂದು ಹೇಳುವಂತಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದ, ಹೋಗುತ್ತಿದ್ದಳು. ಆದರೆ ಅವನು ಅವಳ ಕೆಲಸದ ಬಗ್ಗೆ ಮತ್ತೆ ಕೇಳಲಿಲ್ಲ. ಮೊದಲೆಲ್ಲ ಊಟ ಮುಗಿಯುವ ಮುನ್ನವೇ ಏನು ಹೊಸ ಸಮಾಚಾರ ಅಕ್ಕ, ಏನು ಓಡಿಸ್ತಿದ್ದೀಯ ಎನ್ನುತ್ತಿದ್ದವನು, ಈಗ ಮಳೆಯ ವಿಷಯ, ಮಾವಿನ ಹೂವಿನ ವಿಷಯ ಮಾತಾಡಿ ಎದ್ದು ಹೋಗುತ್ತಿದ್ದ. ಮುನಿಯಲ್ಲಮ್ಮನಿಗೆ ಏನೋ ಅನುಮಾನ ಬಂದು ಒಂದು ಸಲ, "ಏನಾಯ್ತೇ ನಿಮ್ಮಿಬ್ರಿಗೆ?" ಎಂದು ಕೇಳಿದಳು. "ಏನಿಲ್ಲಮ್ಮ," ಎಂದಳು ಸುನಂದ. ಮುನಿಯಲ್ಲಮ್ಮ ತೀರಿಕೊಂಡ ಮೇಲೆ ಕೇಳುವವರೂ ಇಲ್ಲವಾದರು.

ಕಾಲ ಸರಿಯಿತು. ತೋಟಗಳಿಗೆಲ್ಲ ಕೊಳವೆಬಾವಿ, ಕರೆಂಟಿನ ಮೋಟರು ಬಂದು ಡೀಸೆಲ್ ಎಂಜಿನ್ನಿನ ಕೆಲಸ ಕಡಿಮೆಯಾಯಿತು. ಆಂಜಿ ಶೆಡ್ಡು ಮುಚ್ಚಿ, ವೇಮಗಲ್ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ವಾರವೆಲ್ಲ ಅಲ್ಲೇ ರೂಮು, ಭಾನುವಾರ ಊರು.

ಹೋದ ವರ್ಷ ಸುನಂದಳಿಗೆ ದಾವಣಗೆರೆಯ ಕಡೆಯ ಒಬ್ಬ ಸಂಶೋಧಕ ಫೋನ್ ಮಾಡಿದ. ವಿನಯದ ಹುಡುಗ. ಅವಳ ಲೆಕ್ಕದ ಕ್ರಮವನ್ನೇ ಹಿಡಿದು ಹೊಂಗೆ ಎಣ್ಣೆಯ ಮೇಲೆ ಕೆಲಸ ಮಾಡುತ್ತಿದ್ದನಂತೆ. "ಇಪ್ಪತ್ತು ಪಾಲಿನವರೆಗೂ ಸರಿಯಾಗಿ ಬರುತ್ತೆ ಮೇಡಂ. ನಲವತ್ತು ದಾಟಿದ್ರೆ ನಿಜವಾದ ಎಂಜಿನ್ನಿಗೂ ಲೆಕ್ಕಕ್ಕೂ ತಾಳೆ ಆಗ್ತಿಲ್ಲ. ನಿಮ್ಮ ಹತ್ರ ಹೊಂಗೆಯ ಅಳತೆಗಳು ಇರ್ಬಹುದಾ?" ಎಂದ.

ಸೋಯಾ ಬೇರೆ, ಹೊಂಗೆ ಬೇರೆ ಎಂದು ಅವಳಿಗೆ ಅವತ್ತೇ ಗೊತ್ತಿತ್ತು. ನೋಡಿ ಹೇಳುತ್ತೇನೆಂದು ಫೋನ್ ಇಟ್ಟು, ಆಂಜಿಯ ಅಳತೆಗಳನ್ನು ಹುಡುಕಲು ಕೂತಳು. ಲ್ಯಾಪ್‌ಟಾಪನ್ನು ಕಾಲೇಜಿಗೆ ಒಪ್ಪಿಸುವಾಗಲೇ ಅಳಿಸಿ ಕೊಟ್ಟಾಗಿತ್ತು. ಉಳಿದದ್ದು ಅವಳ ಟೇಬಲಿನ ಹಳೇ ಕಂಪ್ಯೂಟರಿನಲ್ಲಿ. ವಿಭಾಗವನ್ನು ಹೊಸ ಕಟ್ಟಡಕ್ಕೆ ಸಾಗಿಸಿದಾಗ ಹಳೇ ಕಂಪ್ಯೂಟರುಗಳನ್ನೆಲ್ಲ ಹರಾಜು ಹಾಕಿದ್ದರು. ಬೇಕಾದ್ದನ್ನು ಉಳಿಸಿಕೊಳ್ಳಿ ಎಂದು ಸೂಚನೆ ಬಂದಿತ್ತು. ಅವಳು ತನ್ನ ಪ್ರಬಂಧವನ್ನೂ, ಸ್ಲೈಡುಗಳನ್ನೂ ಉಳಿಸಿಕೊಂಡಿದ್ದಳು. ಆಂಜಿಯ ಅಳತೆಗಳ ನೆನಪೇ ಆಗಿರಲಿಲ್ಲ.

ಮುಂದಿನ ಭಾನುವಾರ ಅವಳು ಗೌನಿಪಲ್ಲಿಗೆ ಹೋದಳು. ಆಂಜಿ ಜಗಲಿಯ ಮೇಲೆ ಕೂತು ಔಷಧಿ ಹೊಡೆಯುವ ಕ್ಯಾನಿನ ನಳಿಕೆ ಬಿಚ್ಚುತ್ತಿದ್ದ. ತಲೆ ಅರ್ಧ ನರೆತಿತ್ತು. ಕುಶಲದ ಮಾತು ಮುಗಿದ ಮೇಲೆ ಅವಳೇ ಎತ್ತಿದಳು.

"ಆಂಜಿ, ನಾವು ಸೆನ್ಸರ್ ಕೂರಿಸಿದ್ವಲ್ಲ, ಆ ಎಂಜಿನ್ ಇದೆಯಾ?"

"ಅದಾ? ತೂತಿಗೆ ಬೋಲ್ಟ್ ಬಿಗಿದು ಆವಲಪ್ಪನವರ ತೋಟಕ್ಕೆ ಕೊಟ್ಟೆ. ಒಂದಷ್ಟು ದಿನ ಓಡ್ತು. ಆಮೇಲೆ ಅವರೂ ಗುಜರಿಗೆ ಹಾಕಿದ್ರು." ನಳಿಕೆಯೊಳಗೆ ಊದಿ ನೋಡಿದ. "ಯಾಕೆ?"

"ಹೊಂಗೆಯ ಅಳತೆಗಳು ಬೇಕಾಗಿತ್ತು."

ಅವನು ನಳಿಕೆಯನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ತಲೆ ಎತ್ತದೆಯೇ ಕೇಳಿದ, "ಅಕ್ಕ, ಬೇಜಾರು ಮಾಡ್ಕೋಬೇಡ, ಒಂದು ಕೇಳ್ಲಾ? ನಾನು ತೆಗೆದಿದ್ರಲ್ಲಿ ಏನು ತಪ್ಪಿತ್ತು?"

ಸುನಂದಳಿಗೆ ಮೊದಲು ಅರ್ಥವಾಗಲಿಲ್ಲ.

"ಅವತ್ತು ನೀನು ಎಲ್ಲರ ಮುಂದೆ ಪ್ರಯೋಗ ಮಾಡಿಲ್ಲ ಅಂದೆಯಲ್ಲ. ನನ್ನ ಅಳತೆ ತಪ್ಪಿರ್ಬೇಕು, ಅದನ್ನ ಹೇಳಿದ್ರೆ ನನಗೂ ಅವಮಾನ, ನಿನಗೂ ಅವಮಾನ ಅಂತ ಹಂಗಂದೆ ಅಂದ್ಕೊಂಡೆ. ಮನೆಗೆ ಬಂದು ಎಂಜಿನ್ ಬಿಚ್ಚಿದೆ. ಅಳತೆಗೆ ಅಂತ ಎಂಜಿನ್ನಿನ ಚಕ್ರದ ಮೇಲೆ ಹಾಕಿದ್ದ ಗುರುತು ಆಚೀಚೆ ಆಗಿತ್ತೇನೋ ಅಂತ ನೋಡ್ದೆ. ಆಗಿರ್ಲಿಲ್ಲ. ಎಣ್ಣೇಲಿ ನೀರು ಉಳಿದಿತ್ತೇನೋ ಅಂದ್ಕೊಂಡೆ. ಎಷ್ಟು ಯೋಚ್ನೆ ಮಾಡಿದ್ರೂ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ಲಿಲ್ಲ."

ತಪ್ಪೇನೂ ಇರಲಿಲ್ಲ ಕಣೋ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಅದನ್ನು ಕೇಳಿದರೆ ಅವನ ಮುಖ ಅರಳುತ್ತಿತ್ತು. ಆದರೆ ಅದೂ ಗೊತ್ತಿಲ್ಲದೆ ಹೇಳುವ ಮಾತೇ ಆಗುತ್ತಿತ್ತು.

"ನಾನು ನೋಡ್ಲೇ ಇಲ್ಲ ಕಣೋ," ಎಂದಳು. "ನೀನು ತಂದ್ಕೊಟ್ಟಿದ್ದನ್ನ ತೆರೆದೇ ಇಲ್ಲ. ಸರ್ ಬೇಡ ಅಂದ್ರು, ಬಿಟ್ಟುಬಿಟ್ಟೆ. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಈಗ ಅದೆಲ್ಲ ಎಲ್ಲೂ ಇಲ್ಲ, ಹೋಯ್ತು."

ಆಂಜಿ ಅವಳ ಮುಖ ನೋಡಿದ. ಸಿಟ್ಟು ಬರಲಿ, ಬೈಯಲಿ ಎಂದು ಅವಳು ಕಾದಳು. ಅವನು ನಳಿಕೆಯನ್ನು ಕ್ಯಾನಿಗೆ ಮತ್ತೆ ತಿರುಗಿಸಿ ಕೂರಿಸಿದ. ಸರಿಯಾಗಿ ಕೂರಲಿಲ್ಲ, ಬಿಚ್ಚಿ ಮತ್ತೆ ಕೂರಿಸಿದ.

"ನೋಡ್ಬೋದಿತ್ತು ಅಕ್ಕ," ಎಂದಷ್ಟೇ ಹೇಳಿದ. ಎದ್ದು ತೋಟದ ಕಡೆ ಹೋದ.

ಹೊರಡುವಾಗ ತ್ರಿವೇಣಿ ಬಸ್ಸಿನ ತನಕ ಬಂದಳು. ಅವಳಿಗೆ ಒಳಗಿನಿಂದಲೇ ಎಲ್ಲ ಕೇಳಿಸಿತ್ತು. "ಅತ್ತಿಗೆ, ನಿಮ್ಮನ್ನ ನೋಯಿಸ್ಬೇಕು ಅಂತ ಹೇಳ್ತಿಲ್ಲ," ಎಂದು ಶುರು ಮಾಡಿದಳು. "ಅದಾದ್ಮೇಲೆ ಅವರು ಎಣ್ಣೆ ಯಾವ ಕ್ಷಣಕ್ಕೆ ಚಿಮ್ಬೇಕು ಅಂತ ಪಂಪಿನ ಟೈಮಿಂಗ್ ಕೂರಿಸೋ ಕೆಲ್ಸಾನೇ ಬಿಟ್ರು. ಯಾರಾದ್ರೂ ತಂದ್ರೆ ಮುಳಬಾಗಿಲಿಗೆ ತಗೊಂಡ್ಹೋಗಿ ಅಂತ ಕಳಿಸೋರು. ನನ್ನ ಕೈ ಅಷ್ಟು ಸೂಕ್ಷ್ಮ ಇಲ್ಲ ಅನ್ನೋರು. ಶೆಡ್ಡಿಗೆ ಬರೋ ಜನ ಆಗ್ಲೇ ಕಮ್ಮಿ ಆಗೋಕೆ ಶುರುವಾಗಿದ್ದು." ಬಸ್ಸು ಬಂತು. ಸುನಂದ ಕಿಟಕಿಯ ಪಕ್ಕ ಕೂತಳು. ತ್ರಿವೇಣಿ ಕೈ ಬೀಸಿದ್ದು ಕಂಡರೂ ತಿರುಗಿ ಬೀಸಲು ಅವಳಿಗೆ ಕೈ ಬರಲಿಲ್ಲ.

ಮರುದಿನ ಕೋಲಾರಕ್ಕೆ ಬಂದು ಮೊದಲು ಮಾಡಿದ ಕೆಲಸವೆಂದರೆ ದಾವಣಗೆರೆಯ ಹುಡುಗನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ್ದು. ನಲವತ್ತು ಪಾಲು ದಾಟಿದರೆ ನನ್ನ ಲೆಕ್ಕವನ್ನು ನಂಬಬೇಡ, ಅದನ್ನು ಹೊಂಗೆಯೊಂದಿಗೆ ಹೋಲಿಸಿ ನೋಡಿಲ್ಲ ಎಂದಳು. ಆಮೇಲೆ ಪ್ರಾಂಶುಪಾಲರ ಹಿಂದೆ ಬಿದ್ದು ವಿಭಾಗಕ್ಕೆ ಒಂದು ಎಂಜಿನ್ ತರಿಸಿದಳು. ಲೆಕ್ಕವನ್ನು ಹೊಸದಾಗಿ ಮೊದಲಿಂದ ಮಾಡಬೇಕಿತ್ತು. ಅದಕ್ಕೆ ಮತ್ತೆ ಹೆಡ್ಡು ಕೊರೆಯಬೇಕಿತ್ತು.

ಆಂಜಿಗೆ ಫೋನ್ ಮಾಡುವ ಮುಂಚೆ ಅವಳು ಬಹಳ ಹೊತ್ತು ಸ್ಟಾಫ್ ರೂಮಿನಲ್ಲಿ ಕೂತಿದ್ದಳು.

"ನೀನೇ ಬಂದು ಮಾಡ್ಕೊಡ್ಬೇಕು ಕಣೋ. ಈ ಸಲ ನಿನ್ನ ಹೆಸರು ಹಾಕಿಯೇ ಬರೀತೀನಿ."

ಆ ಕಡೆ ಫ್ಯಾಕ್ಟರಿಯ ಸದ್ದು ಕೇಳಿಸುತ್ತಿತ್ತು. "ರಜ ಸಿಗಲ್ಲ ಅಕ್ಕ," ಎಂದ ಆಂಜಿ. ದನಿಯಲ್ಲಿ ಮುನಿಸಿರಲಿಲ್ಲ. "ಬೆಂಗ್ಳೂರಲ್ಲಿ ಇದನ್ನೇ ಮಾಡೋರು ಇರ್ತಾರೆ. ಮೆಷಿನ್ನಲ್ಲೇ ಕೊರೀತಾರೆ, ತಪ್ಪೋ ಮಾತೇ ಇಲ್ಲ. ಅವರನ್ನೇ ಕರೆಸ್ಕೊ."

"ನೀನು ಬಂದು ನಿಂತ್ಕೊಂಡ್ರೂ ಸಾಕು."

"ನೋಡೋಣ. ಇಲ್ಲಿ ಕರೀತಿದಾರೆ, ಇಡ್ತೀನಿ."

ಆ ವಾರ ಅವನ ಫ್ಯಾಕ್ಟರಿಗೆ ಎರಡು ದಿನ ರಜವಿತ್ತೆಂದು ಅವಳಿಗೆ ಆಮೇಲೆ ತ್ರಿವೇಣಿಯ ಮಾತಿನಲ್ಲಿ ಗೊತ್ತಾಯಿತು. ಸುನಂದ ಅದನ್ನು ಆಡಿ ತೋರಿಸಲಿಲ್ಲ. ಬೆಂಗಳೂರಿನವರು ಬಂದು ಅರ್ಧ ದಿನದಲ್ಲಿ ಹೆಡ್ಡು ಕೊರೆದು ಕೊಟ್ಟು ಹೋದರು. ಈಗ ವಾರಕ್ಕೆರಡು ಮಧ್ಯಾಹ್ನ ಅವಳು ವಿದ್ಯಾರ್ಥಿಗಳೊಂದಿಗೆ ಹೊಂಗೆ ಬೆರೆಸಿದ ಡೀಸೆಲ್ಲಿನಲ್ಲಿ ಆ ಎಂಜಿನ್ ಓಡಿಸುತ್ತಾಳೆ. ಬಂದ ಅಳತೆಯನ್ನು ಅವತ್ತೇ, ಅವರ ಎದುರಿಗೇ ತೆರೆದು ನೋಡುತ್ತಾಳೆ. ಆಂಜಿಯನ್ನು ಮತ್ತೆ ಎರಡು ಸಲ ಕರೆದಳು. ಬರುತ್ತೇನೆ ಎನ್ನುತ್ತಾನೆ. ಇನ್ನೂ ಬಂದಿಲ್ಲ.